ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಜನವರಿ 12

ಪ್ರೀತಿಯ ಅತ್ತಿಗೆಗೆ,

ನೀವು ತವರಿಗೆ ಹೋಗಿ ಮೂರು ವಾರವಾಯಿತು. ಕೈಯ ಕಟ್ಟು ಬಿಚ್ಚಿದರೇ? ನಿಮ್ಮ ತಮ್ಮ ಫೋನಿನಲ್ಲಿ “ಇದ್ದಾಳೆ, ಚೆನ್ನಾಗಿದ್ದಾಳೆ” ಎಂದು ಇಟ್ಟೇಬಿಟ್ಟ. ನೀವು ಯಾರ ಫೋನನ್ನೂ ಹಿಡಿಯುವುದಿಲ್ಲವಂತೆ. ಅದಕ್ಕೇ ಈ ಕಾಗದ.

ಲಾಂಡ್ರಿಯ ಸುದ್ದಿ ಹೇಳುತ್ತೇನೆ. ನೀವು ನಿಲ್ಲುತ್ತಿದ್ದ ಇಸ್ತ್ರಿ ರೋಲರಿನ ಮುಂದೆ ಹೊಸಬಳೊಬ್ಬಳನ್ನು ನಿಲ್ಲಿಸಿದ್ದಾರೆ. ಚಾದರದ ತುದಿ ಒಳಗೆ ಹೋಗುವಾಗ ಅವಳು ಉಸಿರು ಹಿಡಿಯುವುದು ಬುಟ್ಟಿ ತಳ್ಳುವ ನನಗೆ ದೂರದಿಂದಲೇ ಕಾಣುತ್ತದೆ. ಅಪಘಾತವಾದ ಸಂಜೆ ಬೆರಳು ಒಳಗೆ ಸಿಗದಂತೆ ಕಾಯುವ ತಡೆಪಟ್ಟಿಯನ್ನು ವಾಪಸು ಕೂರಿಸಿದರಲ್ಲ, ತನಿಖೆಯವರು ಬಂದು ಫೋಟೋ ತೆಗೆದುಕೊಂಡು ಹೋದ ಎರಡನೇ ದಿನ ಅದು ಮತ್ತೆ ಮಾಯ. ಪಟ್ಟಿಗೆ ಬಟ್ಟೆಯ ಮಡಿಕೆ ತಗುಲಿದರೂ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ಮಾಲೀಕರ ಮುಖ ಕಪ್ಪಾಗುತ್ತದೆ. ವರದಿಯಲ್ಲಿ ಮಾತ್ರ “ತಡೆಪಟ್ಟಿ ಇತ್ತು, ಕೆಲಸಗಾರ್ತಿಯ ಅಜಾಗರೂಕತೆ” ಎಂದು ಬರೆದಿದ್ದಾರೆ.

ಆದರೆ ಐದು ಜನ ಒಪ್ಪಿದ್ದಾರೆ ಅತ್ತಿಗೆ. ಮಾರ್ಚ್ ಇಪ್ಪತ್ತರಂದು ಕಾರ್ಮಿಕ ಇಲಾಖೆಯ ವಿಚಾರಣೆಗೆ ಬಂದು, ಪಟ್ಟಿ ಇರಲಿಲ್ಲ ಎಂದು ಹೇಳುತ್ತಾರೆ. ನಿಮ್ಮ ಎದುರು ನಿಂತು ಚಾದರ ಹಿಡಿಯುತ್ತಿದ್ದ ಉದ್ದಜಡೆ, ಯಾವಾಗಲೂ ಕಿಸಕ್ಕನೆ ನಗುವ ನಗೆಗಾತಿ, ಮಡಿಸುವ ಮೇಜಿನ ಮೂವರು. ಇವರು ಒಪ್ಪಿದ್ದು ಇನ್ನು ಯಾರಿಗೂ ಗೊತ್ತಿಲ್ಲ.

ಇನ್ನೊಂದು ವಿಷಯ. ಚರ್ಚಿನ ಸಣ್ಣ ಕೂಟವೊಂದಕ್ಕೆ ಸೇರಿದ್ದೇನೆ. ಬುಧವಾರ ಸಂಜೆ, ದರ್ಜಿ ಅಮ್ಮನ ಮುಂದಿನ ಕೋಣೆಯಲ್ಲಿ. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಹತ್ತು ಕುರ್ಚಿ ಹಾಕುತ್ತಾರೆ. ಎದ್ದು ಬರುವಾಗ ಬಟ್ಟೆಗೆಲ್ಲ ದಾರದ ಚೂರು. ಹಾಡು, ಓದು, ಆಮೇಲೆ ಒಬ್ಬೊಬ್ಬರೂ ತಮ್ಮ ಕಷ್ಟ ಹೇಳುವುದು. ಇಲ್ಲಿ ಹೇಳಿದ್ದು ಇಲ್ಲೇ ಇರಬೇಕು ಎನ್ನುವುದು ಅವರ ನಿಯಮ. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದಕ್ಕಿಂತ ವಾಸಿ ಅನ್ನಿಸಿತು.

ಊಟ ಬಿಡಬೇಡಿ.

ನಿಮ್ಮ ನಾದಿನಿ

*

ಜನವರಿ 24

ನಾದಿನಿಗೆ,

ಇದು ಎಡಗೈ ಬರಹ. ಕೋಳಿ ಕೆದರಿದ ಹಾಗಿದೆ ಎಂದು ನಕ್ಕರೆ ಬಲಗೈಯಲ್ಲಿ ಉಳಿದಿರುವ ಹೆಬ್ಬೆರಳು, ಕಿರುಬೆರಳಿನಲ್ಲೇ ನಿನ್ನ ಕಿವಿ ಹಿಂಡುತ್ತೇನೆ. ಫೋನಿನಲ್ಲಿ ಬೈದರೆ ಬೈಗುಳ ಗಾಳಿಗೆ ಹೋಗುತ್ತದೆ. ಕಾಗದದಲ್ಲಿ ಬೈದರೆ ನೀನು ಇಟ್ಟುಕೊಂಡು ಓದಬಹುದು.

ಕೂಟವಂತೆ ಕೂಟ! ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿಯುವ ಮೊದಲೇ ಬಾಗಿಲು ಸೇರುವವಳು ನೀನು. ನಿಮ್ಮಣ್ಣ ಸತ್ತಾಗ ಮನೆಗೆ ಬಂದ ಪ್ರಾರ್ಥನೆಯವರನ್ನು ಕಂಡು ಅಡುಗೆಮನೆಯಲ್ಲಿ ಅಡಗಿದವಳು. ಈಗ ಇದ್ದಕ್ಕಿದ್ದಂತೆ ಹತ್ತು ಕುರ್ಚಿಯ ನಡುವೆ ಕೂತು ಕಷ್ಟ ಹೇಳುತ್ತಿದ್ದೀಯಾ? ಒಂಟಿತನ ಎನ್ನಬೇಡ. ಒಂಟಿತನ ನಿನಗೆ ಹಳೆಯ ಗೆಳತಿ. ಬೇರೆ ಏನೋ ಇದೆ. ಇರಲಿ, ನೀನಾಗಿ ಹೇಳುವವರೆಗೂ ಕೆದಕುವುದಿಲ್ಲ.

ನನಗೆ ಬೇಕಾಗಿರುವುದು ಎರಡೇ. “ಅಜಾಗರೂಕತೆ” ಎನ್ನುವ ಆ ಮಾತು ವರದಿಯಿಂದ ಅಳಿಯಬೇಕು. ಆ ಪಟ್ಟಿ ಮತ್ತೆ ಯಾರೂ ಬಿಚ್ಚಲಾಗದ ಹಾಗೆ ರೋಲರಿಗೆ ಬೆಸುಗೆಯಾಗಬೇಕು. ಹನ್ನೊಂದು ವರ್ಷ ಆ ಬಿಸಿ ಬಾಯಿಗೆ ಚಾದರ ಉಣ್ಣಿಸಿದ್ದೇನೆ. ಒಂದು ದಿನವೂ ಮೈಮರೆತಿಲ್ಲ. ಬೆರಳೂ ನನ್ನದೇ ಹೋಗಬೇಕು, ತಪ್ಪೂ ನನ್ನದೇ ಆಗಬೇಕು ಎಂದರೆ ಅದನ್ನು ನಾನು ನುಂಗುವುದಿಲ್ಲ.

ಆ ಐದು ಹೆಸರನ್ನು ಬಾಯೊಳಗೆ ಹಾಕಿ ಬೀಗ ಜಡಿದುಕೊ.

ಅತ್ತಿಗೆ

*

ಫೆಬ್ರವರಿ 6

ಅತ್ತಿಗೆ,

ಒಂದು ತಪ್ಪು ಮಾಡಿದ್ದೇನೆ. ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳಿ.

ಕೂಟದ ಕೊನೆಯಲ್ಲಿ ಸುತ್ತು ಪ್ರಾರ್ಥನೆ ಇರುತ್ತದೆ. ಎಲ್ಲರೂ ಕಣ್ಣು ಮುಚ್ಚಬೇಕು, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಆಗದಿದ್ದವರು ಪಕ್ಕದವರ ಕೈ ಒತ್ತಿ ಸರದಿ ದಾಟಿಸಬಹುದು. ನಾನು ಪ್ರತಿ ಸಲ ಒತ್ತಿ ಒತ್ತಿ, ಪಕ್ಕದಲ್ಲಿ ಕೂರುವ ಆಂಬುಲೆನ್ಸ್ ಡ್ರೈವರ್ “ನಿಮ್ಮ ಪಾಲಿನದನ್ನೂ ನಾನೇ ಮಾಡಿ ಮಾಡಿ ಸಾಕಾಯ್ತು ತಾಯಿ” ಎಂದು ನಗುತ್ತಿದ್ದರು. ಈ ಬುಧವಾರ ದರ್ಜಿ ಅಮ್ಮ ನನ್ನನ್ನು ಹಿಡಿದುಕೊಂಡರು.

“ಬಾಯಿ ಬಿಡೇ ಮಗಳೇ. ದೇವರೇನು ನಿಮ್ಮ ಸೂಪರ್‌ವೈಸರಾ, ಹೆದರೋಕೆ?”

“ಏನು ಕೇಳಬೇಕೋ ಗೊತ್ತಾಗಲ್ಲಮ್ಮ.”

“ನಿಂಗೆ ಯಾರ ಚಿಂತೆಯಿದೆಯೋ ಅವರನ್ನ ಕೇಳು. ಸುಮ್ನೆ ‘ಎಲ್ರನ್ನೂ ಕಾಪಾಡು’ ಅಂತ ಗೊಣಗಬೇಡ. ಅಳತೆ ಕೊಡದೆ ಬಟ್ಟೆ ಎಸೆದು ಹೋದ ಹಾಗೆ ಅದು. ಹೆಸರು ಹಿಡಿದು ಕೇಳು.”

ಕಣ್ಣು ಮುಚ್ಚಿದೆ. “ಕರ್ತನೇ” ಎಂದದ್ದೇ ತಡ, ನನಗೇ ಗೊತ್ತಿಲ್ಲದ ಏನೋ ಒಡೆದುಕೊಂಡಿತು. ನಿಮ್ಮ ಹೆಸರು ಹೇಳಿದೆ. ನಿಮ್ಮ ಮೂರು ಬೆರಳುಗಳ ಬಗ್ಗೆ ಹೇಳಿದೆ. ಸುಳ್ಳು ವರದಿ ಎಂದೆ. ಆಮೇಲೆ ಆ ಐವರಿಗೂ ವಿಚಾರಣೆಯ ದಿನ ಧೈರ್ಯ ಕೊಡು, ಮಾತು ತಪ್ಪದ ಹಾಗೆ ಹಿಡಿದುಕೊ ಎಂದು ಒಬ್ಬೊಬ್ಬಳ ಹೆಸರನ್ನೂ ಎತ್ತಿ ಕೇಳಿದೆ. ಪಕ್ಕದಲ್ಲಿ ಯಾರೋ ಬಿಕ್ಕಿದರು. ಅಷ್ಟು ಮನಸ್ಸು ಬಿಚ್ಚಿ ನಾನು ಎಂದೂ ಮಾತಾಡಿರಲಿಲ್ಲ ಅತ್ತಿಗೆ.

ಎಲ್ಲರೂ “ಆಮೆನ್” ಎಂದರು. ಅದರಲ್ಲಿ ಒಂದು ದನಿ ಬೆನ್ನ ಹಿಂದಿನಿಂದ ಬಂತು. ದಿನಾ ಲಾಂಡ್ರಿಯ ಸೈರನ್ ಆದ ಮೇಲೆ “ಹೂಂ, ನಡೀರಿ ಒಳಗೆ” ಎನ್ನುವ ದನಿ.

ಕಣ್ಣು ಬಿಟ್ಟರೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ನಮ್ಮ ಸೂಪರ್‌ವೈಸರ್. ಅವರು ಈ ಕೂಟದ ಹಳೆಯ ಸದಸ್ಯರಂತೆ. ಡಿಸೆಂಬರಿನಿಂದ ಬರುವುದನ್ನು ಬಿಟ್ಟಿದ್ದರಂತೆ. ನಾನು ಕಣ್ಣು ಮುಚ್ಚಿದ ಮೇಲೆ ಒಳಗೆ ಬಂದು ಕೂತಿದ್ದಾರೆ. ಹೊರಡುವಾಗ ಚಹಾದ ಲೋಟ ನನ್ನ ಕೈಗೆ ಕೊಡುತ್ತಾ, “ಚೆನ್ನಾಗಿ ಪ್ರಾರ್ಥನೆ ಮಾಡಿದ್ರಿ” ಎಂದರು. ಅಷ್ಟೇ.

ಇಲ್ಲಿ ಹೇಳಿದ್ದು ಇಲ್ಲೇ ಎನ್ನುವ ನಿಯಮ ಅವರಿಗೂ ಗೊತ್ತು. ಇವತ್ತಿನವರೆಗೆ ಏನೂ ಆಗಿಲ್ಲ.

ನಾದಿನಿ

*

ಫೆಬ್ರವರಿ 13

ಅತ್ತಿಗೆ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಸೋಮವಾರ ಒಬ್ಬೊಬ್ಬರನ್ನೇ ಮಾಲೀಕರ ಗಾಜಿನ ಕೋಣೆಗೆ ಕರೆದರು. ನಾನು ಬುಟ್ಟಿ ತಳ್ಳುತ್ತಾ ನೋಡುತ್ತಿದ್ದೆ. ಮೊದಲು ಉದ್ದಜಡೆ, ಆಮೇಲೆ ಮಡಿಸುವ ಮೇಜಿನ ಮೂವರು, ಕೊನೆಗೆ ನಗೆಗಾತಿ. ನಾನು ಪ್ರಾರ್ಥನೆಯಲ್ಲಿ ಹೇಳಿದ ಅನುಕ್ರಮ ಅದೇ. ಒಂದು ಹೆಸರೂ ಹಿಂದೆ ಮುಂದೆ ಆಗಿರಲಿಲ್ಲ.

ಪ್ರತಿಯೊಬ್ಬರ ಮುಂದೂ ಒಂದೇ ಕಾಗದ: “ಅಪಘಾತದ ಸಮಯದಲ್ಲಿ ತಡೆಪಟ್ಟಿ ಸ್ಥಳದಲ್ಲಿತ್ತು.” ನಾಲ್ವರು ಸಹಿ ಹಾಕಿ ಹೊರಗೆ ಬಂದರು. ಉದ್ದಜಡೆ ಹಾಕಲಿಲ್ಲ. ಅವಳನ್ನು ಒದ್ದೆ ವಿಭಾಗಕ್ಕೆ ಎಸೆದಿದ್ದಾರೆ, ನೀರು ಸುರಿಯುವ ಚಾದರದ ಮೂಟೆ ಎತ್ತುವುದಕ್ಕೆ. ಬಾಣಂತನ ಮುಗಿಸಿ ಬಂದು ನಾಲ್ಕು ತಿಂಗಳಾಗಿಲ್ಲ ಅವಳಿಗೆ.

ಹೆಸರು ಎಲ್ಲಿಂದ ಸಿಕ್ಕಿತೆಂದು ಮಾಲೀಕರೇ ಅವರಿಗೆ ಹೇಳಿದ್ದರಂತೆ. ಊಟದ ಹೊತ್ತಿನಲ್ಲಿ ನಾನು ಕೂತ ಬೆಂಚಿನಿಂದ ಎಲ್ಲರೂ ಎದ್ದರು. ನಗೆಗಾತಿ ನಗಲಿಲ್ಲ. “ದೇವರಿಗೆ ನಮ್ಮ ಹೆಸರು ಕೊಟ್ಟೆಯಲ್ಲ, ಮನೆ ವಿಳಾಸನೂ ಕೊಟ್ಟಿದ್ಯಾ ಹೇಗೆ?” ಎಂದಳು. “ನಮ್ಮ ಪಾಡಿಗೆ ನಾವು ಧೈರ್ಯವಾಗೇ ಇದ್ವಿ ಮಾರಾಯ್ತಿ. ನಮಗೆ ಧೈರ್ಯ ಕೊಡು ಅಂತ ಕೇಳು ಅಂದೋರ್ಯಾರು ನಿಂಗೆ?”

ಈಗ ನಿಮ್ಮ ಪಾಲಿಗೆ ಉಳಿದಿರುವವಳು ಉದ್ದಜಡೆ ಒಬ್ಬಳೇ.

ನಾದಿನಿ

*

ಫೆಬ್ರವರಿ 19

ನಾದಿನಿ,

ಎರಡೂ ಕಾಗದ ಒಟ್ಟಿಗೇ ಬಂದವು. ಮೊದಲನೆಯದನ್ನು ಓದಿ ನಿನ್ನನ್ನು ಕೊಲ್ಲಬೇಕು ಅನ್ನಿಸಿತು. ಎರಡನೆಯದನ್ನು ಓದಿ, ಕೊಲ್ಲುವುದಕ್ಕೂ ನೀನು ಲಾಯಕ್ಕಿಲ್ಲ ಅನ್ನಿಸಿತು.

ಬಾಯಿಗೆ ಬೀಗ ಹಾಕು ಎಂದಿದ್ದೆ. ಬೀಗ ತೆಗೆದು ಕೀಲಿಯನ್ನೂ ಆ ಸೂಪರ್‌ವೈಸರ್ ಕೈಗೆ ಕೊಟ್ಟು ಬಂದಿದ್ದೀಯಾ. ಹೋಗಲಿ, ನೀನು ದಡ್ಡಿ. ಆದರೆ ಅವನು? ಕಣ್ಣು ಮುಚ್ಚಿ ಕೂತವರ ಬಾಯಿಂದ ಬಿದ್ದದ್ದನ್ನು ಆರಿಸಿಕೊಂಡು ಹೋಗಿ ಮಾಲೀಕನ ಮೇಜಿನ ಮೇಲೆ ಜೋಡಿಸಿದ್ದಾನಲ್ಲ, ಅವನೂ “ಆಮೆನ್” ಎಂದನಂತೆ! ದೊಡ್ಡವರ ಕಿವಿ ಇರುವ ಕಡೆ ಬಡವರು ಬಾಯಿಬಿಟ್ಟು ಪ್ರಾರ್ಥಿಸುವಂತೆಯೂ ಇಲ್ಲ. ನಮ್ಮ ನಿಟ್ಟುಸಿರನ್ನೂ ಚಾದರ ಎಣಿಸಿದ ಹಾಗೆ ಎಣಿಸಿಕೊಂಡು ಹೋಗುತ್ತಾರೆ.

ಇನ್ನು ನಿನ್ನ ಕೂಟದವರು ಏನೆನ್ನುತ್ತಾರೆ ಎಂದು ನನಗೆ ಗೊತ್ತು. ಕ್ಷಮಿಸಿಬಿಡಮ್ಮ ಎನ್ನುತ್ತಾರೆ. ಮಾಲೀಕನಿಗೆ ಒಳ್ಳೆಯ ಮನಸ್ಸು ಕೊಡಲಿ ಎಂದು ಕೇಳೋಣ ಎನ್ನುತ್ತಾರೆ. ಮಾಲೀಕನಿಗೆ ಒಳ್ಳೆಯ ಮನಸ್ಸು ಬರುವವರೆಗೆ ನಾವು ಬೆರಳುಗಳನ್ನು ಎಲ್ಲಿ ಇಟ್ಟುಕೊಂಡಿರಬೇಕು, ಅದನ್ನು ಕೇಳಿ ಹೇಳು.

ಬಾಲ ಮುದುರಿಕೊಂಡು ಮನೆಯಲ್ಲಿ ಕೂರಬೇಡ. ಮುಂದಿನ ಬುಧವಾರ ಹೋಗು. ಆ ಹತ್ತು ಜನರ ನಡುವೆ, ಅವನ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ ಕೇಳು: ಇಲ್ಲಿ ಹೇಳಿದ್ದು ಅಲ್ಲಿಗೆ ಹೇಗೆ ಹೋಯಿತು? ಅವನು ಏನು ಹೇಳಿದ ಎಂದು ಒಂದಕ್ಷರ ಬಿಡದೆ ನನಗೆ ಬರಿ.

ಅತ್ತಿಗೆ

*

ಮಾರ್ಚ್ 5

ನಾದಿನಿ,

ಎರಡು ಬುಧವಾರ ಕಳೆದವು. ಕಾಗದವಿಲ್ಲ. ನನ್ನ ತಮ್ಮ ಫೋನು ಮಾಡಿದರೆ ಎತ್ತುವುದಿಲ್ಲ. ಉದ್ದಜಡೆಗೆ ಮಾಡಿಸಿದೆ. ಅವಳು ಕೆಮ್ಮುತ್ತಾ, “ನಿಮ್ಮ ನಾದಿನಿ ಕೆಲಸಕ್ಕೆ ಬರ್ತಾಳೆ, ಹೋಗ್ತಾಳೆ, ಯಾರ ಹತ್ರನೂ ಮಾತಿಲ್ಲ ಅಕ್ಕ” ಎಂದಳು.

ಕೇಳಿದೆಯೋ ಇಲ್ಲವೋ? ಅವನು ಬೆದರಿಸಿದನೇ? ನಿನ್ನಿಂದಲೂ ಆ ಕಾಗದಕ್ಕೆ ಸಹಿ ಹಾಕಿಸಿದರೇ? ಹಾಕಿದ್ದರೆ ಹಾಕಿದೆ ಎಂದು ಬರಿ. ವಿಚಾರಣೆಗೆ ಹದಿನೈದು ದಿನ ಇದೆ. ನಿನ್ನ ಮೌನವನ್ನು ಬಿಡಿಸಿ ಓದುತ್ತಾ ಕೂರುವಷ್ಟು ಪುರುಸೊತ್ತು ನನಗಿಲ್ಲ.

ಅತ್ತಿಗೆ

*

ಮಾರ್ಚ್ 9

ಅತ್ತಿಗೆ,

ಕೇಳಿದೆ. ನೀವು ಹೇಳಿದ ಹಾಗೆಯೇ, ಎಲ್ಲರ ನಡುವೆ.

ಓದು ಮುಗಿದಿತ್ತು. ನಾನು ಎದ್ದು ನಿಂತು, “ನಾನು ಇಲ್ಲಿ ಹೇಳಿದ ಐದು ಹೆಸರು ಅದೇ ಸಾಲಿನಲ್ಲಿ ಮಾಲೀಕರ ಕೋಣೆಗೆ ಹೇಗೆ ಹೋಯ್ತು?” ಎಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಸೂಪರ್‌ವೈಸರ್ ನೆಲ ನೋಡಿದರು. ದರ್ಜಿ ಅಮ್ಮ ಕನ್ನಡಕ ತೆಗೆದು, “ನೀನೇನಪ್ಪಾ?” ಎಂದರು.

“ಮಾಲೀಕರು ಕೇಳಿದ್ರು. ಹೇಳಲೇಬೇಕಾಯ್ತು” ಎಂದರು ಅವರು.

“ಅವರಿಗೆ ಕನಸು ಬಿದ್ದಿತ್ತೇನೋ, ಕೇಳೋಕೆ?” ಎಂದರು ಡ್ರೈವರ್. “ಪ್ರಾರ್ಥನೆ ಕದ್ದು ಮಾರಿದ್ಯಲ್ಲೋ. ನಾಳೆ ನಾನು ನನ್ನ ಕುಡಿತದ ಬಗ್ಗೆ ಇಲ್ಲಿ ಹೆಂಗೆ ಹೇಳ್ಕೊಳ್ಳಲಿ?”

“ಸುಮ್ನಿದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು. ಪಟ್ಟಿ ಬಿಚ್ಚು ಅಂದಿದ್ದು ಅವರು. ವಿಚಾರಣೆ ಆದ್ರೆ ಕೈ ತೋರಿಸೋದು ನನ್ನ ಕಡೆ.” ಹೀಗೆಂದವರೇ ಎದ್ದು ನಿಂತರು. ಮುಖ ಕೆಂಪಾಗಿತ್ತು. ನನ್ನತ್ತ ಬೆರಳು ಮಾಡಿದರು. “ನನ್ನೊಬ್ಬನನ್ನೇ ಕೇಳಬೇಡಿ. ಆವತ್ತು ಪಟ್ಟಿಯ ಇನ್ನೊಂದು ತುದಿ ಹಿಡಿದೋರು ಯಾರು ಅಂತ ಇವರನ್ನ ಕೇಳಿ.”

ಹತ್ತು ಕುರ್ಚಿಯ ಕಣ್ಣುಗಳು ನನ್ನ ಕಡೆ ತಿರುಗಿದವು. ಅವರು ಹೇಳಿದ್ದು ನಿಜ ಅತ್ತಿಗೆ.

ನವೆಂಬರ್ ಕೊನೆಯ ವಾರ. ಹೋಟೆಲುಗಳ ಚಾದರ ಗುಡ್ಡ ಬಿದ್ದಿತ್ತು. ನೀವು ಬೇರೆ ಪಾಳಿಯಲ್ಲಿದ್ದಿರಿ. ಸೂಪರ್‌ವೈಸರ್ ನನ್ನನ್ನು ಕರೆದು, “ಬನ್ರೀ ಇಲ್ಲಿ, ಸ್ವಲ್ಪ ಹಿಡ್ಕೊಳ್ಳಿ” ಎಂದರು. ಪಟ್ಟಿಯ ಎಡತುದಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಅವರು ತಿರುಪು ಬಿಚ್ಚಿದರು. ಬಾಯ್ಲರಿನ ಹಿಂದೆ ಒರಗಿಸಿ ಬಂದವಳೂ ನಾನೇ. ಏನು ಬಿಚ್ಚುತ್ತಿದ್ದೇವೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು. ಗೊತ್ತಿತ್ತು. ಆ ರೋಲರಿನ ಮುಂದೆ ನಿಲ್ಲುವವರು ನೀವು ಎಂದೂ ಗೊತ್ತಿತ್ತು. ನಿಮಗೆ ಹೇಳಿದರೆ ನೀವು ಗಲಾಟೆ ಮಾಡುತ್ತೀರಿ, ನಿಮ್ಮನ್ನು ಆ ಕೆಲಸಕ್ಕೆ ಸೇರಿಸಿದ ನನ್ನ ಹೆಸರು ಕೆಡುತ್ತದೆ ಎಂದುಕೊಂಡೆ. ಆಮೇಲೆ ನೀವೇ ನೋಡಿ, ಪಟ್ಟಿ ಎಲ್ಲಿ ಎಂದು ಕೇಳಿದಿರಿ. “ರಿಪೇರಿಗೆ ಹೋಗಿದೆಯಂತೆ” ಎಂದೆ. ನನ್ನ ಮಾತು ನಂಬಿ ನಿಂತಿರಿ.

ಇಷ್ಟೇ ಅಲ್ಲ. ಅಪಘಾತದ ಸಂಜೆ, ನೀವು ಆಸ್ಪತ್ರೆಯ ಮೇಜಿನ ಮೇಲಿದ್ದಾಗ, ಬಾಯ್ಲರಿನ ಹಿಂದಿನಿಂದ ಅದನ್ನು ತಂದು, ಧೂಳು ಒರೆಸಿ, ಮತ್ತೆ ತುದಿ ಹಿಡಿದು ನಿಂತೆ. ಆಮೇಲೆ ಕೈ ತೊಳೆದುಕೊಂಡು ನಿಮ್ಮನ್ನು ನೋಡಲು ಬಂದೆ.

ಕೂಟಕ್ಕೆ ಸೇರಿದ್ದು ಇದಕ್ಕೇ. ಎಲ್ಲಾದರೂ ಒಂದು ಕಡೆ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲು ಹೋಗಿ ಐವರ ಹೆಸರು ಹೇಳಿ ಬಂದೆ. ಆರನೆಯದು ನನ್ನದು, ಅದನ್ನು ಹೇಳಲಿಲ್ಲ.

ನಾದಿನಿ

*

ಮಾರ್ಚ್ 13

ಕಾಗದ ಬಂತು. ಓದಿದೆ.

ಇಪ್ಪತ್ತನೇ ತಾರೀಕು, ಬೆಳಗ್ಗೆ ಹತ್ತು ಗಂಟೆ, ಕಾರ್ಮಿಕ ಇಲಾಖೆ, ಎರಡನೇ ಮಹಡಿ. ನನ್ನ ಹತ್ತಿರ ಅಳುವುದಕ್ಕೆ ಬರಬೇಡ. ಅಧಿಕಾರಿಯ ಹತ್ತಿರ ಹೇಳುವುದಕ್ಕೆ ಬಾ.

ಅತ್ತಿಗೆ

*

ಮಾರ್ಚ್ 28

ಅತ್ತಿಗೆ,

ವಿಚಾರಣೆಯ ದಿನ ವರಾಂಡದಲ್ಲಿ ನೀವು ನನ್ನ ಕಡೆ ನೋಡಲಿಲ್ಲ. ನೋಡಲಿ ಎಂದು ನಾನು ಕಾಯಲೂ ಇಲ್ಲ. ಹೇಳಬೇಕಾದ್ದು ಹೇಳಿ ಇಲಾಖೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಫೋನು ಬಂತು, ನಾಳೆಯಿಂದ ಬರಬೇಡ ಎಂದು. ಸಂಜೆ ಗೇಟಿನಲ್ಲಿ ಗುರುತಿನ ಚೀಟಿ ಕಸಿದುಕೊಂಡರು. ಒಳಗಿದ್ದ ನನ್ನ ಏಪ್ರನ್ನನ್ನು ನಗೆಗಾತಿ ತಂದುಕೊಟ್ಟಳು. ಮಾತಾಡಲಿಲ್ಲ. ಆದರೆ ಅದನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿದ್ದಳು.

ಈ ಬುಧವಾರ ಕೂಟಕ್ಕೆ ಹೋದೆ. ಸೂಪರ್‌ವೈಸರ್ ಬಂದಿರಲಿಲ್ಲ. ಒಬ್ಬರು, “ನಮ್ಮ ಸಹೋದರನ ಮರ್ಯಾದೆ ಸರ್ಕಾರಿ ಕಚೇರೀಲಿ ತೆಗೆದುಬಿಟ್ರಿ. ಒಳಗಿನ ಮಾತು ಬೀದಿಗೆ ಯಾಕೆ ಹೋಗಬೇಕಿತ್ತು?” ಎಂದರು. ದರ್ಜಿ ಅಮ್ಮ ತಿರುಗಿಬಿದ್ದರು. “ಒಳಗಿನ ಮಾತು ಮಾಲೀಕನ ಕೋಣೆಗೆ ಹೋದಾಗ ಎಲ್ಲಿತ್ತು ನಿನ್ನ ಬಾಯಿ? ಇವಳು ಹೇಳಿದ್ದು ಇವಳ ಕೈ ಮಾಡಿದ ಕೆಲಸ. ಅದು ಕದ್ದ ಮಾತಲ್ಲ. ಕೂತ್ಕೊಳೋ.” ಆಮೇಲೆ ನನ್ನ ಕಡೆ ತಿರುಗಿ, “ಹಾಗಂತ ನೀನೂ ಮೆರೀಬೇಡ. ಇನ್ನೂ ಆ ಐದು ಜನರ ಮನೆ ಬಾಗಿಲಿಗೆ ಹೋಗಿ ತಪ್ಪಾಯ್ತು ಅನ್ನೋದು ಬಾಕಿಯಿದೆ” ಎಂದರು. ನಿನ್ನೆ ಎರಡು ಬಾಗಿಲಿಗೆ ಹೋದೆ. ಒಂದು ತೆರೆಯಿತು.

ಈಗ ದರ್ಜಿ ಅಮ್ಮನ ಹತ್ತಿರವೇ ಬಟ್ಟೆಗೆ ಗುಂಡಿ ಹೊಲಿಯುವ ಕೆಲಸ. ನಿಮ್ಮಿಂದ ಏನನ್ನೂ ಕೇಳುತ್ತಿಲ್ಲ. ಹೇಳಬೇಕು ಅನ್ನಿಸಿತು, ಹೇಳಿದೆ.

ನಾದಿನಿ

*

ಏಪ್ರಿಲ್ 6

ನಾದಿನಿ,

ಇಲಾಖೆಯ ಕಾಗದ ನಿನ್ನೆ ಬಂತು. “ಅಜಾಗರೂಕತೆ” ಹೋಯಿತು. “ಸುರಕ್ಷಾ ಪಟ್ಟಿಯನ್ನು ಉದ್ದೇಶಪೂರ್ವಕವಾಗಿ ತೆಗೆಯಲಾಗಿತ್ತು” ಎಂದು ಬರೆದಿದ್ದಾರೆ. ಪಟ್ಟಿ ಬೆಸುಗೆಯಾಗುವವರೆಗೆ ರೋಲರಿಗೆ ಮೊಹರು ಹಾಕಿದ್ದಾರಂತೆ. ನನ್ನ ತಮ್ಮ ಎರಡು ಸಲ ಓದಿ ಹೇಳಿದ. ಮೂರನೇ ಸಲ ನಾನೇ ಕಸಿದುಕೊಂಡು ಓದಿದೆ.

ಆವತ್ತು ನಾನು ನಿನ್ನ ಕಡೆ ನೋಡಲಿಲ್ಲ, ನಿಜ. ಆದರೆ ಕಿವಿ ಮುಚ್ಚಿಕೊಂಡಿರಲಿಲ್ಲ. ಉದ್ದಜಡೆ ಮೊದಲು ಹೇಳಿದಳು. ಮಾಲೀಕನ ವಕೀಲ ಅವಳನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿದ. ನಾಲ್ವರು ಸಹಿ ಹಾಕಿದ್ದಾರೆ, ನೀನೊಬ್ಬಳು ಸುಳ್ಳಿ ಎಂದ. ಆಮೇಲೆ ನಿನ್ನ ಸರದಿ. “ಪಟ್ಟಿ ಇರಲಿಲ್ಲ ಅಂತ ನಿನಗೆ ಹೇಗೆ ಗೊತ್ತು? ನೀನು ಬುಟ್ಟಿ ತಳ್ಳೋಳು” ಎಂದು ಅವನು ನಕ್ಕ. “ಬಿಚ್ಚೋವಾಗ ಹಿಡಿದಿದ್ದು ನಾನೇ ಸ್ವಾಮಿ, ಆಮೇಲೆ ಹಾಕೋವಾಗ್ಲೂ ನಾನೇ” ಎಂದೆ ನೀನು. ಅವನ ನಗು ಅಲ್ಲೇ ಒಣಗಿತು. ತನ್ನ ಕೊರಳಿಗೇ ಹಗ್ಗ ಹಾಕಿಕೊಂಡು ನಿಂತವಳನ್ನು ಇನ್ನು ಯಾವುದರಿಂದ ಹೆದರಿಸುತ್ತಾನೆ? ಸೂಪರ್‌ವೈಸರನ್ನು ಕರೆದಾಗ ಅವನು, “ನೆನಪಿಲ್ಲ” ಎಂದ. ಮೂರು ಸಲ ಕೇಳಿದರು. ಮೂರು ಸಲವೂ ನೆನಪಿಲ್ಲ. ಹೊರಗೆ ಬಂದು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ನಾನು ಅವನ ಪಕ್ಕದಲ್ಲೇ ಹಾದು ಹೋದೆ.

ಕ್ಷಮಿಸಿದ್ದೀರಾ ಎಂದು ನೀನು ಕೇಳಲಿಲ್ಲ. ಒಳ್ಳೆಯದಾಯಿತು. ಕೇಳಿದ್ದರೆ ಇಲ್ಲ ಎಂದು ಬರೆಯಬೇಕಾಗಿತ್ತು. ಬೆಳಗ್ಗೆ ಗುಂಡಿ ಹಾಕಿಕೊಳ್ಳುವಾಗ, ಅನ್ನ ಕಲಸುವಾಗ, ನೀನು ಆ ತುದಿ ಹಿಡಿದು ನಿಂತದ್ದು ನನ್ನ ಕಣ್ಣಿಗೆ ಕಟ್ಟುತ್ತದೆ. ರಿಪೇರಿಗೆ ಹೋಗಿದೆ ಎಂದೆಯಲ್ಲ, ಅದು ಬೆರಳಿಗಿಂತ ಹೆಚ್ಚು ನೋಯುತ್ತದೆ. ಅದು ಎಷ್ಟು ದಿನ ನೋಯುತ್ತದೋ ಅಷ್ಟು ದಿನ ನೋಯಲಿ. ಬೇಗ ಮುಗಿಸು ಎಂದು ನನ್ನನ್ನು ಯಾರೂ ಅವಸರಪಡಿಸುವಂತಿಲ್ಲ. ನೀನೂ ಅಲ್ಲ, ನಿನ್ನ ಕೂಟವೂ ಅಲ್ಲ, ದೇವರೂ ಅಲ್ಲ.

ಆದರೂ ಮುಂದಿನ ಬುಧವಾರ ನಾನು ಬರುತ್ತಿದ್ದೇನೆ. ಹಿಗ್ಗಬೇಡ, ನನಗೆ ಭಕ್ತಿ ಗಿಕ್ತಿ ಏನೂ ಉಕ್ಕಿಲ್ಲ. ಆ ದರ್ಜಿ ಅಮ್ಮನ ಬಾಯಿ ಕೇಳಬೇಕು ಅನ್ನಿಸಿದೆ, ಅದೊಂದು. ಇನ್ನೊಂದು, ಅಧಿಕಾರಿಯ ಮುಂದೆ ಮರೆತವನು ನನ್ನ ಕೈಯ ಮುಂದೆಯೂ ಮರೆಯುತ್ತಾನಾ, ನೋಡಬೇಕು. ಅವನಿಗೆ ಹೇಳಿಕಳಿಸು, ಬರಲಿ. ನಾನು ಹೊಡೆಯುವುದಿಲ್ಲ, ಎದುರಿಗೆ ಕೂರುತ್ತೇನೆ, ಅಷ್ಟೇ. ಬರದಿದ್ದರೆ ಕೂಟವನ್ನೇ ಎಬ್ಬಿಸಿಕೊಂಡು ಅವನ ಮನೆಗೆ ಹೋಗೋಣ. ಅಷ್ಟೂ ಜನ ಕೂರುವುದಕ್ಕೆ ಅವನ ಮನೆಯಲ್ಲಿ ಜಾಗ ಇದೆಯಾ, ವಿಚಾರಿಸಿ ಬರಿ.

ನಿನ್ನ ಅತ್ತಿಗೆ